ಪಾಸ್ಟರ್ ಕುರಿ

ಕುರಿಗೆ ಲಸಿಕಿ ಹಾಕೋದು ನನ್ನ ಕೆಲಸ. ಸೂಜಿ ಅಂದ್ರ ಸಾಕು, ಕುರಿ ಮುಚ್ಚಿಡೋ ಮಂದೀನ ಕಂಡು ಕಂಡು ನಾ ಯಾರನ್ನೂ ನಂಬಂಗಿಲ್ಲ. ಮಾನ್ವಿ ಕಡೆ ಒಂದೂರಾಗ ಲಸಿಕಿ ಹಾಕಾಕ ಅಂಗಳ ಕೇಳೋಣಂತ ಲೂಥರನ್ ಚರ್ಚಿಗೆ ಹೋದೆ. ಕಸ ಹೊಡಿಯಾಕತ್ತಿದ್ದ ಮುದುಕಿನ್ನ ಕೇಳಿದೆ, "ಯವ್ವಾ, ಪಾಸ್ಟರ್ ಎಲ್ಲದಾರ?"

"ತಪ್ಪಿಸಿಕೊಂಡ ಕುರಿ ಹುಡುಕಾಕ ಹೋಗ್ಯಾರ್ರೀ."

"ಎಷ್ಟು ಕುರಿ ಅದಾವು?"

"ಹಬ್ಬದಾಗ ಚರ್ಚ್ ತುಂಬತಾವು. ಉಳಿದಾಗ ಅಷ್ಟಕ್ಕಷ್ಟ."

ಚರ್ಚಿನೊಳಗ ಕುರಿ! ನನ್ನ ಅನುಮಾನ ಗಟ್ಟಿ ಆತು.

ಅಷ್ಟರಾಗ ಪಾಸ್ಟರ್ ಗಾಡಿ ಮ್ಯಾಲ ಬಂದ್ರು. "ನಿಮ್ಮ ಕುರಿಗೆಲ್ಲ ಸೂಜಿ ಹಾಕಬೇಕ್ರೀ" ಅಂದೆ.

ಅವರು ನಕ್ಕರು. "ಕುರಿ ಅಂದ್ರ ಚರ್ಚಿಗೆ ಬರೋ ನಮ್ಮ ಸಭೆ ಮಂದಿರೀ. ಹಾಕ್ರಿ ಬೇಕಾದ್ರ, ಆದ್ರ ಹಿಡಿಯೋದು ನೀವ. ಭಾನುವಾರ ನನ್ನ ಕೈಗೇ ಸಿಗಂಗಿಲ್ಲ."

ನಾಚಿ ಹೊರಟೆ. ಚರ್ಚಿನ ಹಿತ್ತಲದಾಗ ಯಾರೋ 'ಬ್ಯಾ... ಬ್ಯಾ...' ಅಂದ್ರು. ಅವರು ಯಾವ ವಿಶ್ವಾಸಿಯೋ, ನನಗಿನ್ನೂ ಅನುಮಾನ.