ಮಾಸ್ಕ್ ಹಾಕಿಕೊಂಡು ನೋಡಿದ ಸಿನಿಮಾ

ಪರದೆಯ ಮೇಲೆ ನನ್ನದೇ ಮುಖ ಕಾಣಿಸಿದಾಗ ನಾನು ಕೊನೆಯ ಸಾಲಿನಲ್ಲಿ, ಪರಿಚಯದವರು ಯಾರಾದರೂ ನೋಡಿಬಿಟ್ಟಾರೆಂದು ಮಾಸ್ಕ್ ಹಾಕಿಕೊಂಡು ಕುಳಿತಿದ್ದೆ. ಯಶವಂತಪುರದಲ್ಲಿ ನಡೆದ ಎಲ್‌ಜಿಬಿಟಿ ಚಿತ್ರೋತ್ಸವ. ಮಗ ತನ್ನ ಬದುಕಿನ ಬಗ್ಗೆ ತಾನೇ ತೆಗೆದ ಸಾಕ್ಷ್ಯಚಿತ್ರ.

‘ಅಪ್ಪಾ, ಕಿರಣ್ ಬರೀ ಫ್ರೆಂಡ್ ಅಲ್ಲ, ನನ್ನ ಸಂಗಾತಿ. ಜಕ್ಕೂರಲ್ಲಿ ಒಟ್ಟಿಗೆ ಮನೆ ಮಾಡ್ತಿದೀವಿ’ ಎಂದು ಚಿತ್ರದಲ್ಲಿ ಮಗ ಹೇಳುತ್ತಾನೆ. ನಾನು ಬಹಳ ಹೊತ್ತು ಯೋಚಿಸಿ, ‘ಅಲ್ಲಿ ಕಾವೇರಿ ನೀರು ಬರುತ್ತೇನೋ, ಇಲ್ಲ ಬೋರ್‌ವೆಲ್ಲಾ?’ ಎನ್ನುತ್ತೇನೆ.

ಇಡೀ ಸಭಾಂಗಣ ನಕ್ಕು ಚಪ್ಪಾಳೆ ತಟ್ಟಿತು. ದೀಪ ಹತ್ತಿದ ಮೇಲೆ ಮಗ ಪಕ್ಕದಲ್ಲಿ ಬಂದು ಕುಳಿತು, ‘ಮಾಸ್ಕ್ ತೆಗೀರಪ್ಪ, ಎಲ್ರೂ ನಿಮ್ಮನ್ನ ಗೋಡೆ ಅಗಲ ನೋಡಾಯ್ತು’ ಎಂದ. ತೆಗೆದೆ. ಕಿರಣನೂ ಸೇರಿ ಸೆಲ್ಫಿ ತೆಗೆಸಿಕೊಂಡೆವು.

ಮರುದಿನ ವಾಕಿಂಗ್‌ನಲ್ಲಿ ಪಕ್ಕದ ಮನೆಯವರಿಗೆ ಅದನ್ನು ತೋರಿಸಿ, ‘ಇವ್ನು ಮಗ, ಇವ್ನು ಅವನ ಸಂಗಾತಿ ಕಣ್ರೀ’ ಎಂದು ನಾನೇ ಹೇಳಿದೆ. ಈಗ ಉಳಿದಿರುವ ಚಿಂತೆ ಒಂದೇ: ಆ ಮನೆಗೆ ಬರುವುದು ಬೋರ್‌ವೆಲ್ ನೀರು.