ಅಪ್ಪಿಕೊಂಡ ಮರದ ಹೆಸರು

"ಅಯ್ಯಯ್ಯೋ, ಬಿಡಿ ಮಾರಾಯ್ರೆ ಅದನ್ನ! ಅದು ಹೊಳಗೇರು ಮರ!"

ಹಿಂದಿನಿಂದ ಕೂಗು ಕೇಳಿದಾಗ ನಾನು ಕಣ್ಣು ಮುಚ್ಚಿ, ಮರವೊಂದಕ್ಕೆ ಕೆನ್ನೆ ಒತ್ತಿ ನಿಂತಿದ್ದೆ. ಭಾನುವಾರ ಬೆಳಿಗ್ಗೆ ಕೊಪ್ಪದಿಂದ ಹೊರಟು ಕಾಡಿನ ದಾರಿಯಲ್ಲಿ ಮೌನವಾಗಿ ನಡೆಯುವ ತಂಡ ನಮ್ಮದು. ಅಂದು ನೆಮ್ಮಾರಿನ ಹತ್ತಿರ ಹೋಗಿದ್ದೆವು. "ಇಷ್ಟವಾದ ಮರವನ್ನು ಅಪ್ಪಿಕೊಳ್ಳಿ, ಅದರೊಂದಿಗೆ ಒಂದಾಗಿ" ಎಂದು ಯೋಗದ ಟೀಚರ್ ಹೇಳಿದ್ದೇ ತಡ, ಎಲ್ಲರಿಗಿಂತ ಮೊದಲು ಓಡಿ ದಪ್ಪನೆಯ ಮರ ಹಿಡಿದವಳು ನಾನೇ.

ಕೂಗಿದವರು ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದ ಹೆಂಗಸು. ಆ ಮರದ ಸೊನೆ ತಾಗಿದರೆ ಮೈ ಊದಿ ತುರಿಸುತ್ತದಂತೆ. ನಾನು ಗಾಬರಿಯಿಂದ ಕೆನ್ನೆ ಒರೆಸಿಕೊಳ್ಳುತ್ತಿದ್ದರೆ ಅವರು ಹೊರೆ ಇಳಿಸಿ ಕೇಳಿದರು: "ಅಪ್ಕೊಳ್ಳೋ ಮುಂಚೆ ಯಾರು ಎಂತ ಅಂತ ಕೇಳ್ಬೇಕಲ್ವಾ?"

ಮೌನವ್ರತ ಅಲ್ಲಿಗೆ ಮುಗಿಯಿತು. ಹದಿನಾಲ್ಕು ಜನರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಅವರೇ ಮುಂದೆ ನಡೆದು ಮತ್ತಿ, ನಂದಿ, ಹೊನ್ನೆ, ಹೆಬ್ಬಲಸು ಎಂದು ಒಂದೊಂದನ್ನೂ ತಟ್ಟಿ ತೋರಿಸಿದರು, ಮನೆಗೆ ಬಂದ ನೆಂಟರಿಗೆ ಮಕ್ಕಳನ್ನು ಪರಿಚಯಿಸುವಂತೆ.

ಮರುದಿನ ನನ್ನ ಕೆನ್ನೆ ಬನ್ನಿನಂತೆ ಊದಿತು. ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಾ ಕನ್ನಡಿಯ ಮುಂದೆ ನಿಂತಾಗಲೇ ಹೊಳೆದದ್ದು: ಅಷ್ಟೊಂದು ಮರಗಳ ಹೆಸರು ಹೇಳಿಕೊಟ್ಟವರ ಹೆಸರನ್ನು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ. ಮುಂದಿನ ಭಾನುವಾರ ಅದೇ ದಾರಿಯಲ್ಲಿ ಕಾದು ನಿಂತು ಕೇಳಿದೆ. ಗಿರಿಜಮ್ಮ ನನ್ನ ಕೆನ್ನೆ ನೋಡಿ ಇನ್ನೊಮ್ಮೆ ನಕ್ಕರು.