ಮಗುಚಿಟ್ಟ ಕಲ್ಲುಗಳು

ರ್ವೆಂಜೋರಿ ಬೆಟ್ಟದ ತಪ್ಪಲಲ್ಲಿ ಇಥುಂಗುವನ್ನು ಕಾಣಬೇಕಾದರೆ ಅವಳ ಮನೆಗೆ ಹೋಗಿ ಪ್ರಯೋಜನವಿಲ್ಲ. ಬೆಳಗಾಯಿತೆಂದರೆ ಅವಳು ತೊರೆಯಲ್ಲೇ. ಮೊಣಕಾಲು ಮಟ್ಟದ ನೀರಲ್ಲಿ ಬಗ್ಗಿ ಕಲ್ಲೆತ್ತುವುದು, ಅದರ ಅಡಿ ನೋಡುವುದು, ತುಟಿ ಸೊಟ್ಟ ಮಾಡಿ ದಡಕ್ಕಿಡುವುದು. ಕಾಫಿ ತೋಟದ ಕಳೆ ಕೀಳುವುದೆಲ್ಲ ಆಮೇಲೆ.

ಅವಳು ಹುಡುಕುತ್ತಿದ್ದುದು ಬಾಲದ ಹುಳವನ್ನು. ಅಕ್ಕಿಕಾಳಿನಷ್ಟು ಮೈ, ಹಿಂದೆ ಕೂದಲೆಳೆಯಂಥ ಮೂರು ಬಾಲ. ಹರಿಯುವ ನೀರಲ್ಲಿ ಕಲ್ಲಿಗೆ ಕಚ್ಚಿಕೊಂಡು ಪಾಚಿ ಮೇಯುತ್ತದೆ. ರೆಕ್ಕೆ ಬಂದ ಮೇಲೆ ಪಾಪ, ಅದಕ್ಕೆ ಊಟವೇ ಇಲ್ಲ. ತಿನ್ನಲು ಬಾಯೇ ಇರುವುದಿಲ್ಲ. ಸಂಜೆ ಹಿಂಡುಗಟ್ಟಿ ನೀರಿನ ಮೇಲೆ ಏರಿ ಇಳಿದು ಕುಣಿಯುತ್ತದೆ, ಮೊಟ್ಟೆಯಿಟ್ಟು ಸಾಯುತ್ತದೆ. ಕಬೂಘೊ, ಮ್ಬಾಂಬು, ಇಥುಂಗು, ಈ ಮೂವರು ಅಕ್ಕತಂಗಿಯರು ಚಿಕ್ಕವರಿದ್ದಾಗ ಆ ಕುಣಿತದ ಕೆಳಗೇ ನಿಂತು, ತಲೆತುಂಬ ಹುಳ ಹೊತ್ತು ಮನೆಗೆ ಬಂದು ಅವ್ವನಿಂದ ಬೈಸಿಕೊಳ್ಳುತ್ತಿದ್ದರು.

ಆಮೇಲೆ ಒಂದು ವರ್ಷ ಪ್ರವಾಹ ಬಂತು. ಮೇಲಿನಿಂದ ಬಂಡೆಗಳೇ ಉರುಳಿ ಬಂದವು. ಬಟ್ಟೆ ಒಗೆಯಲು ಹೋಗಿದ್ದ ಮ್ಬಾಂಬು ಸಿಗಲೇ ಇಲ್ಲ. ತೊರೆಯ ತಳವೆಲ್ಲ ಕೊಚ್ಚಿ, ಹುಳವೂ ಹೋಯಿತು. ದೊಡ್ಡವಳು ಕಬೂಘೊ ಗಂಟುಮೂಟೆ ಕಟ್ಟಿ ಕೆಳಗೆ ಕಸೇಸೆ ಪೇಟೆಗೆ ಇಳಿದಳು.

"ಅದು ಸತ್ತ ನೀರು ಕಣೆ," ಎಂದಿದ್ದಳು ಹೊರಡುವಾಗ. "ಹುಳ ಮತ್ತೆ ಕುಣಿದ ದಿನ ಹೇಳು, ಬರ್ತೀನಿ. ಅಲ್ಲೀವರೆಗೂ ನನ್ನ ಕರೀಬೇಡ."

ಅಂದಿನಿಂದ ಪ್ರತಿ ಸಂತೆಯ ದಿನ ಫೋನಿನಲ್ಲಿ ಇಬ್ಬರದೂ ಒಂದೇ ಮಾತು.

"ಬಂದ್ವಾ?"

"ಇಲ್ಲ ಅಕ್ಕ."

ನೆರೆಯ ಮುದುಕ ಎನ್‌ಡುಂಗೊ ದಡದಲ್ಲಿ ನಿಂತು ಕಿಚಾಯಿಸುತ್ತಿದ್ದ. "ಏನಮ್ಮಾ, ಕಲ್ಲುಗಳಿಗೆ ಸ್ನಾನ ಆಯ್ತಾ? ಪಕ್ಕದ ಕಣಿವೇಲಿ ಹುಳ ಆಗ್ಲೇ ಕುಣೀತಾ ಇವೆ. ನಿನ್ನ ತೊರೆಗೇನು ದೊಡ್ಡರೋಗ?"

ಅವಳಿಗೂ ಅದೇ ಅರ್ಥವಾಗದ ಸಂಗತಿ. ಒಂದು ಕಲ್ಲನ್ನೂ ಬಿಡದೆ ನೋಡುತ್ತಿದ್ದಳಲ್ಲ! ನೋಡಿದ ಕಲ್ಲನ್ನು ಮಗುಚಿ, ಹೊಟ್ಟೆ ಮೇಲಾಗಿ ದಡದಲ್ಲಿಡುವುದು ಆ ಕಡೆಯ ವಾಡಿಕೆ. ಏಡಿ ಹಿಡಿಯುವವರೂ ಹಾಗೇ ಮಾಡುತ್ತಾರೆ. ಹಿಂದೆ ಬಂದವರು ಅದನ್ನೇ ಮತ್ತೆ ಎತ್ತಿ ಸೊಂಟ ಮುರಿದುಕೊಳ್ಳಬಾರದಲ್ಲ.

ಒಂದು ಸಂಜೆ ಕೊಡ ತುಂಬಿಸುತ್ತಿದ್ದಾಗ ಒಂದೇ ಒಂದು ಹುಳ ಹಾರಿ ಬಂತು. ನೀರಿನಿಂದ ತಲೆಯೆತ್ತಿದ್ದ ಕಲ್ಲೊಂದರ ಮೇಲೆ ಕೂತು, ರೆಕ್ಕೆ ಮಡಚಿ, ಕಲ್ಲನ್ನು ಹಿಡಿದುಕೊಂಡೇ ನೀರೊಳಗೆ ಇಳಿದುಹೋಯಿತು. ಇಥುಂಗು ಕೊಡ ಮರೆತು ನಿಂತಳು. ಇಷ್ಟು ವಯಸ್ಸಾದರೂ ಅವಳು ಇದನ್ನು ಕಂಡಿರಲಿಲ್ಲ.

ಬೆಳಿಗ್ಗೆ ಆ ಕಲ್ಲೆತ್ತಿದಳು. ಅಡಿಯಲ್ಲಿ ರವೆಗಿಂತ ಸಣ್ಣ ಮೊಟ್ಟೆಗಳು, ಉಗುರಗಲ ಅಂಟಿಕೊಂಡಿದ್ದವು. ಹಿಗ್ಗಿನಿಂದ ಕೂಗಿಯೇ ಬಿಟ್ಟಳು. ಕೈ ಮಾತ್ರ ಅಭ್ಯಾಸಬಲದಿಂದ ಕಲ್ಲನ್ನು ದಡದಲ್ಲಿ ಮಗುಚಿಟ್ಟಿತು. ಆಗಲೇ ಪಕ್ಕದ ಕಲ್ಲು ಕಣ್ಣಿಗೆ ಬಿತ್ತು. ಅದರ ಹೊಟ್ಟೆಯ ಮೇಲೂ, ಇಷ್ಟು ದಿನ ಅವಳು ಪಾಚಿಯೆಂದುಕೊಂಡಿದ್ದ ಅಂಥದೇ ಕಲೆ, ಬಿಸಿಲಿಗೆ ಒಣಗಿ ಸಿಪ್ಪೆಯೆದ್ದಿತ್ತು. ಅದರಾಚೆಯದರಲ್ಲೂ ಇತ್ತು. ದಡದುದ್ದಕ್ಕೂ ಅವಳೇ ಇಟ್ಟ ಕಲ್ಲುಗಳು. ಹುಳ ಬರುತ್ತಲೇ ಇತ್ತು. ಅವಳು ನೀರಿನಿಂದೆತ್ತಿ ಒಣಗಿಸುತ್ತಲೇ ಇದ್ದಳು.

"ನನ್ನ ಕೈಗೆ ಬೆಂಕಿ ಹಾಕ!" ಎಂದು ಗಟ್ಟಿಯಾಗಿ ಅತ್ತಳು. ಹಸಿ ಮೊಟ್ಟೆಯ ಕಲ್ಲನ್ನು ಇದ್ದ ಜಾಗದಲ್ಲೇ, ಇದ್ದ ಹಾಗೇ ಕೂರಿಸಿದಳು. ಆಮೇಲೆ ಸಂತೆಯ ದಿನಕ್ಕೆ ಕಾಯದೆ ಅಕ್ಕನಿಗೆ ಫೋನು ಮಾಡಿದಳು.

"ಬಂದಿದ್ವು ಕಣಕ್ಕ. ನಾನೇ ಹಾಳು ಮಾಡ್ದೆ."

ಎಲ್ಲ ಕೇಳಿಸಿಕೊಂಡು ಕಬೂಘೊ, "ಸರಿ, ಕುಣಿದ ಮೇಲೆ ಹೇಳು," ಎಂದಳು.

"ಅದು ಯಾವಾಗ್ಲೋ ಏನೋ. ಇನ್ಮೇಲೆ ಕಲ್ಲು ಎತ್ತಿ ನೋಡೋ ಹಾಗೂ ಇಲ್ಲ." ಇಥುಂಗು ತೊರೆಗೆ ಬೆನ್ನು ಮಾಡಿ ಕೂತಳು. "ಹುಳದ ಮನೆ ಹಾಳಾಗ್ಲಿ. ನಂಗೆ ನಿನ್ನ ನೋಡ್ಬೇಕು ಅಕ್ಕ. ತೊರೆ ಹತ್ರ ಬರ್ಬೇಡ, ಮನೆಗೆ ಬಾ."



"ಇದನ್ನ ಹೇಳೋಕೆ ಇಷ್ಟು ವರ್ಷ ಬೇಕಾಯ್ತೇನೇ ಹುಚ್ಚಿ?" ಎಂದಳು ಕಬೂಘೊ.